ಎಂಐಟಿಯ ಲೆಕ್ಕದ ಹಾಳೆ ಚಿತ್ರದುರ್ಗದ ತರಗತಿಗೆ ಬಂದ ಬಗೆ

ಉಚಿತ ಕೋರ್ಸ್ ಸಾಮಗ್ರಿ ಅಂದ ಕೂಡಲೇ ಕೈ ಮೊದಲು ಹೋಗುವುದು ವಿಡಿಯೊ ಕಡೆಗೆ. ನಾವೂ ಹಾಗೇ ಶುರು ಮಾಡಿದೆವು. ಚಿತ್ರದುರ್ಗದ ಒಂದು ಪದವಿ ತರಗತಿಯಲ್ಲಿ, ಬಿಎಸ್‌ಸಿ ಗಣಿತದ ಲೀನಿಯರ್ ಆಲ್ಜಿಬ್ರಾ (ವೆಕ್ಟರು, ಮ್ಯಾಟ್ರಿಕ್ಸುಗಳ ಗಣಿತ) ಪಾಠಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಉಚಿತ ಕೋರ್ಸ್ ತಾಣವಾದ ಓಪನ್‌ಕೋರ್ಸ್‌ವೇರ್‌ನ ಸಾಮಗ್ರಿ ಬಳಸಲು ಹೊರಟಾಗ ಮೊದಲ ಎರಡು ವಾರ ಪ್ರೊಜೆಕ್ಟರ್ ಹಾಕಿ ಉಪನ್ಯಾಸ ತೋರಿಸಿದ್ದೇ ಆಯಿತು. ಮಕ್ಕಳು ಕೂತು ನೋಡಿದರು, ತಲೆಯಾಡಿಸಿದರು. ಮರುದಿನ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರೆ ಯಾರ ಪೆನ್ನೂ ಅಲುಗಲಿಲ್ಲ. ಮೂರನೇ ವಾರ ವಿಡಿಯೊ ನಿಲ್ಲಿಸಿ, ಅದೇ ಪಾಠದ ಸಮಸ್ಯೆಗಳ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹಂಚಿದೆವು. ಆಮೇಲೆ ತರಗತಿಯಲ್ಲಿ ಮಾತು ಹುಟ್ಟಿತು. ಈ ಸಾಮಗ್ರಿಯಲ್ಲಿ ಎಲ್ಲಕ್ಕಿಂತ ಬೆಲೆ ಇರುವುದು ಸಮಸ್ಯೆಗಳಿಗೆ, ಅವುಗಳ ಜೊತೆಗೇ ಬರುವ ಬಿಡಿಸಿದ ಉತ್ತರಗಳಿಗೆ. ಒಳ್ಳೆಯ ಉಪನ್ಯಾಸ ಎಲ್ಲಿಯಾದರೂ ಸಿಕ್ಕೀತು. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿನ ಹಾಗೆ ಜೋಡಿಸಿದ, ವರ್ಷಗಟ್ಟಲೆ ತರಗತಿಯಲ್ಲಿ ಉಜ್ಜಿ ನಯವಾದ ಲೆಕ್ಕಗಳು ಸಿಗುವುದು ಕಷ್ಟ.

ಇದಕ್ಕೆ ಕಾರಣ ಆ ಯೋಜನೆಯ ಹುಟ್ಟಿನಲ್ಲೇ ಇದೆ. ಎಂಐಟಿ ಇದನ್ನು ಪ್ರಕಟಿಸಿದ್ದು 2001ರ ಏಪ್ರಿಲ್‌ನಲ್ಲಿ. ಮರುವರ್ಷ 50 ಕೋರ್ಸುಗಳೊಂದಿಗೆ ಪ್ರಾಯೋಗಿಕವಾಗಿ ತೆರೆದರು, ಈಗ 2,500ಕ್ಕೂ ಹೆಚ್ಚಿವೆ. ಅದು ದೂರಶಿಕ್ಷಣ ಅಲ್ಲ. ಅಲ್ಲಿನ ಅಧ್ಯಾಪಕರು ತಮ್ಮ ತರಗತಿಗೆ ಬಳಸಿದ ಟಿಪ್ಪಣಿ, ಹೋಂವರ್ಕ್, ಪ್ರಶ್ನೆಪತ್ರಿಕೆಗಳನ್ನು ಇದ್ದ ಹಾಗೇ ಹೊರಗಿಟ್ಟದ್ದು. ನೋಂದಣಿ ಇಲ್ಲ, ಸರ್ಟಿಫಿಕೇಟ್ ಇಲ್ಲ, ಅನುಮಾನ ಕೇಳಲು ಆ ಕಡೆ ಯಾರೂ ಇಲ್ಲ. ಆದ್ದರಿಂದ ಒಂದು ಕೋರ್ಸಿಗೂ ಇನ್ನೊಂದಕ್ಕೂ ಅಜಗಜಾಂತರ. ಒಂದರಲ್ಲಿ ವಿಡಿಯೊ, ಟಿಪ್ಪಣಿ, ಉತ್ತರ ಎಲ್ಲ ಇದ್ದರೆ ಇನ್ನೊಂದರಲ್ಲಿ ಬರೀ ಪಠ್ಯಕ್ರಮ ಮತ್ತು ಓದುವ ಪಟ್ಟಿ. ಕೋರ್ಸ್ ತೆರೆದ ತಕ್ಷಣ ಎಡಗಡೆಯ ಪಟ್ಟಿಯಲ್ಲಿ ಹೋಂವರ್ಕ್ ಇದೆಯೇ, ಅದಕ್ಕೆ ಉತ್ತರ ಇದೆಯೇ, ಪರೀಕ್ಷೆಗಳು ಇವೆಯೇ ಎಂದು ನೋಡಿಬಿಡಿ. ಉತ್ತರ ಇಲ್ಲದ ಕೋರ್ಸನ್ನು ಮೊದಲ ಪ್ರಯತ್ನಕ್ಕೆ ಹಿಡಿಯಬೇಡಿ.

ಕೋರ್ಸ್ ಸಂಖ್ಯೆ ಓದುವುದು ಸುಲಭ. ಮೊದಲ ಅಂಕೆ ವಿಭಾಗ: 18 ಅಂದರೆ ಗಣಿತ, 8 ಭೌತಶಾಸ್ತ್ರ, 6 ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್. ಸಂಖ್ಯೆಯ ಕೊನೆಯಲ್ಲಿ ‘ಎಸ್‌ಸಿ’ ಎಂಬ ಎರಡಕ್ಷರ ಇದ್ದರೆ ಅದು ಸ್ವಂತವಾಗಿ ಓದುವವರಿಗಾಗಿ ಮತ್ತೆ ಜೋಡಿಸಿದ ಕೋರ್ಸ್. ಲೀನಿಯರ್ ಆಲ್ಜಿಬ್ರಾದಲ್ಲಿ ಎರಡೂ ಇವೆ. ಎಂಐಟಿಯಲ್ಲಿ ಗಣಿತ ಪಾಠ ಮಾಡಿದ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ 18.06 ಮತ್ತು ಅದನ್ನೇ ಬಿಡಿಸಿಟ್ಟ 18.06ಎಸ್‌ಸಿ. ನಾವು ಹಿಡಿದದ್ದು ಎರಡನೆಯದನ್ನು. ಅದರಲ್ಲಿ ಪ್ರತಿ ಪಾಠಕ್ಕೂ ಉಪನ್ಯಾಸದ ವಿಡಿಯೊ, ಎರಡು ಮೂರು ಪುಟದ ಸಾರಾಂಶ, ಸಹಾಯಕ ಬೋಧಕರು ಒಂದು ಲೆಕ್ಕ ಬಿಡಿಸಿ ತೋರಿಸುವ ಚಿಕ್ಕ ವಿಡಿಯೊ, ಸಮಸ್ಯೆಗಳ ಪಿಡಿಎಫ್, ಉತ್ತರಗಳ ಪಿಡಿಎಫ್ ಇರುತ್ತವೆ. ಸ್ಟ್ರ್ಯಾಂಗ್ ಅವರ ಪಠ್ಯಪುಸ್ತಕ ಮಾತ್ರ ಉಚಿತವಲ್ಲ. ‘ಇಂಥ ಅಧ್ಯಾಯ ಓದಿ’ ಎಂಬ ಸೂಚನೆ ಬಂದಲ್ಲಿ ಸಾರಾಂಶದ ಪುಟಗಳನ್ನೇ ನೆಚ್ಚಿಕೊಳ್ಳಬೇಕು. ಅವು ಸಾಕಾಗುತ್ತವೆ.

ಇಡೀ ಕೋರ್ಸ್ ತರಲು ಹೋಗಬೇಡಿ. ಮೂರು ಘಟಕಗಳಲ್ಲಿ ಮೊದಲನೆಯದರಿಂದ 9 ಪಾಠಗಳನ್ನು ಮಾತ್ರ ಆರಿಸಿಕೊಂಡೆವು, ಅದೂ ಪಠ್ಯಕ್ರಮದ ಜೊತೆ ಹೊಂದಿಸಿದ ಮೇಲೆ. ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ, ಎಡಗಡೆ ದಾವಣಗೆರೆ ವಿಶ್ವವಿದ್ಯಾನಿಲಯದ ಪಠ್ಯಕ್ರಮದ ಒಂದೊಂದು ಸಾಲು, ನಡುವೆ ಅದಕ್ಕೆ ಹೊಂದುವ ಎಂಐಟಿ ಪಾಠ, ಬಲಗಡೆ ‘ಅಲ್ಲಿ ಇಲ್ಲದ್ದು’ ಎಂದು ಬರೆದೆವು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳೂ ಅದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದರಿಂದ ಹಾಳೆ ಎರಡೂ ಜಿಲ್ಲೆಗಳಿಗೆ ನಡೆಯುತ್ತದೆ. ಸೆಮಿಸ್ಟರ್ ಸಂಖ್ಯೆ ಹಾಕಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿಯಾದ ಎನ್‌ಇಪಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ವಿಷಯದ ಹೆಸರಿನಲ್ಲಿ ಜೋಡಿಸಿದರೆ ಪೇಪರು ಯಾವ ಸೆಮಿಸ್ಟರ್‌ಗೆ ಸರಿದರೂ ಹಾಳೆ ಉಳಿಯುತ್ತದೆ.

ಬಲಗಡೆಯ ಭಾಗವೇ ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂತು. ಸ್ಟ್ರ್ಯಾಂಗ್ ಸಮೀಕರಣಗಳಿಂದ ಹೊರಟು ವೆಕ್ಟರ್ ಸ್ಪೇಸ್‌ಗೆ ಬರುತ್ತಾರೆ. ನಮ್ಮಲ್ಲಿ ವೆಕ್ಟರ್ ಸ್ಪೇಸ್‌ನ ನಿಯಮಗಳ ಪಟ್ಟಿಯಿಂದಲೇ ಪಾಠ ಶುರು. ಅಲ್ಲಿನ ಸಮಸ್ಯೆಗಳು ‘ಕಂಡುಹಿಡಿಯಿರಿ, ಏಕೆ ಎಂದು ಹೇಳಿ’ ಎನ್ನುತ್ತವೆ, ನಮ್ಮ ಪ್ರಶ್ನೆಪತ್ರಿಕೆ ‘ಪ್ರಮೇಯ ನಿರೂಪಿಸಿ ಸಾಧಿಸಿ’ ಎನ್ನುತ್ತದೆ. ಈ ಅಂತರ ತುಂಬದೆ ಬರೀ ಎಂಐಟಿ ಹಾಳೆ ಹಿಡಿದು ಹೋದರೆ ವಿಷಯ ಅರ್ಥವಾದ ಹುಡುಗಿಯೂ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾಳೆ. ಪ್ರತಿ ಹಾಳೆಯ ಕೊನೆಗೆ ನಾವೇ ಒಂದು ‘ಸಾಧಿಸಿ’ ಪ್ರಶ್ನೆ ಸೇರಿಸುತ್ತ ಬಂದದ್ದು ಇದಕ್ಕೇ.

ಡೌನ್‌ಲೋಡ್ ವಿಷಯ ಬೇಗ ಮುಗಿಸುತ್ತೇವೆ. ಕೋರ್ಸ್ ಪುಟದಲ್ಲಿ ‘ಡೌನ್‌ಲೋಡ್ ಕೋರ್ಸ್’ ಗುಂಡಿ ಒತ್ತಿದರೆ ಜಿಪ್ ಕಡತ ಬರುತ್ತದೆ. ಅದರಲ್ಲಿ ಪುಟಗಳು ಮತ್ತು ಪಿಡಿಎಫ್‌ಗಳು ಇರುತ್ತವೆ, ವಿಡಿಯೊ ಇರುವುದಿಲ್ಲ. ವಿಡಿಯೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಜಿಪ್ ಒಳಗಿನಿಂದಲೇ ಪುಟ ತೆರೆದರೆ ಕೊಂಡಿಗಳು ಕೆಲಸ ಮಾಡುವುದಿಲ್ಲ. ಮೊದಲು ಪೂರ್ತಿ ಎಕ್ಸ್‌ಟ್ರಾಕ್ಟ್ ಮಾಡಿ, ಆಮೇಲೆ ‘ಇಂಡೆಕ್ಸ್’ ಹೆಸರಿನ ಕಡತ ತೆರೆಯಬೇಕು. ಮೊದಲ ಉಪನ್ಯಾಸ ಸುಮಾರು 40 ನಿಮಿಷದ್ದು. ಸೆಕೆಂಡಿಗೆ 300 ಕಿಲೊಬಿಟ್ ದರದಲ್ಲಿ ಅದು ಸುಮಾರು 90 ಎಂಬಿ ಆಗುತ್ತದೆ. ಕರಿಹಲಗೆಯ ಬರಹ ಓದಲು ಅಷ್ಟು ಸಾಕು, ದೊಡ್ಡ ಕಡತದ ಹಿಂದೆ ಬೀಳಬೇಕಿಲ್ಲ. ಎಲ್ಲ ವಿಡಿಯೊಗಳನ್ನು ಒಂದೇ ಜಿಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ‘ಕಡತ ತೀರಾ ದೊಡ್ಡದು’ ಎನ್ನುತ್ತದೆ, ಪೆನ್‌ಡ್ರೈವ್ ಖಾಲಿ ಇದ್ದರೂ. ಫ್ಯಾಟ್32 ಮಾದರಿಯಲ್ಲಿ ಒಂದೇ ಕಡತ 4 ಜಿಬಿ ದಾಟುವಂತಿಲ್ಲ. ಒಂದೊಂದಾಗಿ ಹಾಕಿ, ಇಲ್ಲವೇ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಪರವಾನಗಿಯನ್ನು ಮಾತ್ರ ನಿಧಾನವಾಗಿ ಓದಿ. ‘ಉಚಿತ’ ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದು ಎಂಬ ಭಾವನೆ ನಮ್ಮ ಸ್ಟಾಫ್ ರೂಮುಗಳಲ್ಲಿ ಗಟ್ಟಿಯಾಗಿದೆ. ಓಪನ್‌ಕೋರ್ಸ್‌ವೇರ್‌ನದು ಸಿಸಿ ಬೈ-ಎನ್‌ಸಿ-ಎಸ್‌ಎ 4.0. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಬಳಕೆಗೆ ಮೊದಲೇ ಅನುಮತಿ ಕೊಟ್ಟಿಡುವ ಸಿದ್ಧ ಪರವಾನಗಿ. ಬೈ ಅಂದರೆ ಮೂಲದವರ ಹೆಸರು ಹೇಳಬೇಕು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎಸ್‌ಎ ಅಂದರೆ ನೀವು ಮಾರ್ಪಡಿಸಿದ್ದನ್ನು ಹಂಚಿದರೆ ಇದೇ ಷರತ್ತಿನಲ್ಲಿ ಹಂಚಬೇಕು. ವ್ಯಾಪಾರ ಯಾವುದು ಎಂಬುದನ್ನು ಎಂಐಟಿಯವರು ನೋಡುವುದು ಬಳಸುವವರು ಯಾರು ಎಂಬುದರಿಂದಲ್ಲ, ಬಳಕೆ ಎಂಥದ್ದು ಎಂಬುದರಿಂದ. ಹಾಳೆಗಳನ್ನು ಗೈಡ್ ಮಾಡಿ ಮಾರುವುದು, ಪಾಠವನ್ನು ಕನ್ನಡಕ್ಕೆ ತಂದು ಜಾಹೀರಾತಿನ ಹಣ ಬರುವ ಚಾನೆಲ್‌ಗೆ ಏರಿಸುವುದು, ಇವೆರಡನ್ನೂ ನಾವು ಪೂರ್ತಿ ಕೈಬಿಟ್ಟೆವು. ತರಗತಿಯಲ್ಲಿ ಹಂಚುವುದಕ್ಕೆ, ಭಾಷಾಂತರಕ್ಕೆ, ಲೆಕ್ಕ ಬದಲಿಸುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಪರವಾನಗಿಯೇ ಆ ಅನುಮತಿ.

ಕೆಲವು ಚಿತ್ರಗಳ ಕೆಳಗೆ ಸಣ್ಣಕ್ಷರದಲ್ಲಿ ‘ಎಲ್ಲ ಹಕ್ಕು ಕಾಯ್ದಿರಿಸಿದೆ, ಇದು ನಮ್ಮ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಟ್ಟಿಲ್ಲ’ ಎಂಬ ಅರ್ಥದ ಸಾಲು ಇರುತ್ತದೆ. ಅವು ಬೇರೆ ಪುಸ್ತಕಗಳಿಂದ ಎಂಐಟಿ ಅನುಮತಿ ಪಡೆದು ಹಾಕಿದ ಚಿತ್ರಗಳು. ಆ ಅನುಮತಿ ನಮಗೆ ಹರಿದುಬರುವುದಿಲ್ಲ. ಅಂಥ ಚಿತ್ರವನ್ನು ಬಿಟ್ಟು ಕೈಯಲ್ಲಿ ಹೊಸದಾಗಿ ಬರೆದುಕೊಳ್ಳಬೇಕು.

ಇನ್ನೊಂದು ತೊಡಕು ಬೆರಕೆಯದು. ಒಂದೇ ಹಾಳೆಯಲ್ಲಿ ಎಂಐಟಿಯ ಲೆಕ್ಕ, ವಿಕಿಪೀಡಿಯದ ವಿವರಣೆ, ಐಐಟಿ ಬಾಂಬೆಯ ತಂತ್ರಾಂಶ ಪಾಠಗಳ ಸರಣಿಯಾದ ಸ್ಪೋಕನ್ ಟ್ಯುಟೋರಿಯಲ್‌ನ ಪಠ್ಯ ಕಲಸಿಬಿಡುವುದು ಸುಲಭ. ಆದರೆ ವಿಕಿಪೀಡಿಯ ಮತ್ತು ಸ್ಪೋಕನ್ ಟ್ಯುಟೋರಿಯಲ್ ಬೈ-ಎಸ್‌ಎ, ಎಂಐಟಿ ಬೈ-ಎನ್‌ಸಿ-ಎಸ್‌ಎ. ಎರಡೂ ‘ನನ್ನ ಷರತ್ತಿನಲ್ಲೇ ಹಂಚು’ ಎನ್ನುತ್ತವೆ, ಆ ಷರತ್ತುಗಳು ಬೇರೆ ಬೇರೆ. ಒಂದರೊಳಗೆ ಇನ್ನೊಂದನ್ನು ಕಲಸಿ ಹೊಸ ಪಠ್ಯ ಮಾಡಿ ಹಂಚುವಂತಿಲ್ಲ. ಒಂದೇ ಕಡತಕಟ್ಟಿನಲ್ಲಿ ಬೇರೆ ಬೇರೆ ಹಾಳೆಗಳಾಗಿ, ತಂತಮ್ಮ ಪರವಾನಗಿ ಬರೆದು ಇಡಬಹುದು. ನಾವು ಮಾಡಿದ್ದು ಹೀಗೇ. ಬರೀ ಸಿಸಿ ಬೈ ಇರುವ ಸಾಮಗ್ರಿಗೆ ಈ ತೊಂದರೆ ಇಲ್ಲ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳಲ್ಲಿ ಅನೇಕವು ಆ ಬಗೆಯವು. ಅವರ ಕ್ಯಾಲ್ಕುಲಸ್ ಪುಸ್ತಕಗಳಂಥ ಕೆಲವು ಬೈ-ಎನ್‌ಸಿ-ಎಸ್‌ಎ, ಆದ್ದರಿಂದ ಪುಸ್ತಕ ಪುಸ್ತಕಕ್ಕೂ ಬಿಡಿಬಿಡಿಯಾಗಿ ನೋಡಬೇಕು. ಎನ್‌ಡಿ ಎಂಬ ಅಕ್ಷರ ಕಂಡರೆ ಅನುವಾದ ಮಾಡಿ ಹಂಚುವ ಆಸೆ ಬಿಟ್ಟುಬಿಡಿ. ಅಲ್ಲಿ ಮಾರ್ಪಾಡಿಗೆ ಅವಕಾಶವಿಲ್ಲ, ಅನುವಾದವೂ ಮಾರ್ಪಾಡೇ.

ನಮ್ಮ ಪ್ರತಿ ಹಾಳೆಯ ಅಡಿಯಲ್ಲಿ ಬರುವ ಸಾಲು ಇದು: ‘ಮೂಲ: ಗಿಲ್ಬರ್ಟ್ ಸ್ಟ್ರ್ಯಾಂಗ್, 18.06ಎಸ್‌ಸಿ ಲೀನಿಯರ್ ಆಲ್ಜಿಬ್ರಾ, ಫಾಲ್ 2011, ಎಂಐಟಿ ಓಪನ್‌ಕೋರ್ಸ್‌ವೇರ್. ಪರವಾನಗಿ ಸಿಸಿ ಬೈ-ಎನ್‌ಸಿ-ಎಸ್‌ಎ 4.0. ಕನ್ನಡಕ್ಕೆ ತರಲಾಗಿದೆ, 2 ಮತ್ತು 4ನೇ ಲೆಕ್ಕ ಬದಲಿಸಲಾಗಿದೆ.’ ಬದಲಿಸಿದ್ದನ್ನು ಹೇಳುವುದು ಸೌಜನ್ಯಕ್ಕಲ್ಲ, ಪರವಾನಗಿಯ ಷರತ್ತು. ನಾವು ಮಾಡಿದ ತಪ್ಪು ಸ್ಟ್ರ್ಯಾಂಗ್ ಅವರ ತಲೆಗೆ ಕಟ್ಟಬಾರದಲ್ಲ.

ಇನ್ನು ಕನ್ನಡದ ಕೆಲಸ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ನಮ್ಮ ತರಗತಿಗಳಲ್ಲಿ ಬೇಕಾದಷ್ಟು ಮಂದಿ. ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವವರು. ಅವರಿಗೆ ಲೆಕ್ಕ ಕಷ್ಟವಲ್ಲ, ಲೆಕ್ಕ ಹೇಳುವ ಇಂಗ್ಲಿಷ್ ವಾಕ್ಯ ಕಷ್ಟ. ಯಂತ್ರದ ಅನುವಾದ ಹಾಕಿ ನೋಡಿದೆವು. ಸಾಮಾನ್ಯ ವಾಕ್ಯಗಳು ಪರವಾಗಿಲ್ಲ ಅನ್ನುವಂತೆ ಬರುತ್ತವೆ, ಪಾರಿಭಾಷಿಕ ಪದ ಬಂದ ಕಡೆ ಕೆಡುತ್ತದೆ. ಐಡೆಂಟಿಟಿ ಮ್ಯಾಟ್ರಿಕ್ಸ್ ‘ಗುರುತಿನ ಮ್ಯಾಟ್ರಿಕ್ಸ್’ ಆಗುತ್ತದೆ, ರ‍್ಯಾಂಕ್ ‘ಶ್ರೇಣಿ’ ಆಗಿ ಮೆರಿಟ್ ಲಿಸ್ಟ್ ನೆನಪಿಸುತ್ತದೆ. ಆದ್ದರಿಂದ ಮೊದಲೇ ನಲವತ್ತು ಪದಗಳ ಪಟ್ಟಿ ಮಾಡಿಕೊಂಡು, ಅದನ್ನು ಎಲ್ಲ ಹಾಳೆಗಳಿಗೂ ಒಂದೇ ಎಂದು ಗೊತ್ತುಮಾಡಿದೆವು. ಮ್ಯಾಟ್ರಿಕ್ಸ್, ವೆಕ್ಟರ್, ರ‍್ಯಾಂಕ್, ಪಿವಟ್, ನಲ್ ಸ್ಪೇಸ್ ಹಾಗೇ ಉಳಿದವು, ಪರೀಕ್ಷೆಯಲ್ಲಿ ಕಾಣುವ ಪದಗಳೂ ಅವೇ. ಅಡ್ಡಸಾಲು, ಕಂಬಸಾಲು ಕನ್ನಡದಲ್ಲೇ ಇಟ್ಟೆವು. ಆ ಪದಗಳು ಕಣ್ಣಿಗೆ ಕಟ್ಟುತ್ತವೆ, ರೋ ಯಾವುದು ಕಾಲಂ ಯಾವುದು ಎಂಬ ಗೊಂದಲ ಅಷ್ಟರಿಂದಲೇ ನಿಂತಿತು. ಎಲಿಮಿನೇಷನ್‌ಗೆ ‘ಅಳಿಸುತ್ತ ಹೋಗುವುದು’ ಎಂದು ಬಿಡಿಸಿ ಹೇಳಿದೆವು.

ಟೈಪಿಂಗ್‌ನಲ್ಲಿ ಎರಡು ಸಲ ಎಡವಿದೆವು. ಮೊದಲ ಹಾಳೆಗಳು ನುಡಿಯ ಹಳೆಯ ಫಾಂಟಿನಲ್ಲಿ ತಯಾರಾದವು, ಯೂನಿಕೋಡ್ ಅಲ್ಲದ್ದು. ಪ್ರಿಂಟ್ ಚೆನ್ನಾಗಿ ಬಂತು. ಕಡತವನ್ನು ಮಕ್ಕಳ ಮೊಬೈಲಿಗೆ ಕಳಿಸಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಕಡೆ ಒಂದೊಂದು ಪದವನ್ನೂ ಕಣ್ಣಾಡಿಸಿ ತಿದ್ದಬೇಕಾಯಿತು. ಎರಡನೆಯದು ಗಣಿತ ಅಚ್ಚುಜೋಡಣೆಯ ತಂತ್ರಾಂಶವಾದ ಲೇಟೆಕ್‌ನದು. ಸಮೀಕರಣಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಮಾಮೂಲಿ ಪಿಡಿಎಫ್ ಲೇಟೆಕ್ ಕನ್ನಡಕ್ಕೆ ಒಗ್ಗುವುದಿಲ್ಲ. ಝೀಲೇಟೆಕ್ ಬಳಸಬೇಕು. ಅದರಲ್ಲೂ ಫಾಂಟ್ ಹೆಸರು ಕೊಟ್ಟರೆ ಸಾಲದು, ಲಿಪಿ ಕನ್ನಡ ಎಂದು ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ‘ಲೆಕ್ಕ’ ಎಂಬ ಪದದ ಒತ್ತು ಕೆಳಗೆ ಇಳಿಯದೆ, ಕ್ ಮತ್ತು ಕ ಅಕ್ಕಪಕ್ಕ ನಿಂತುಬಿಡುತ್ತವೆ. ನೋಟೊ ಸೆರಿಫ್ ಕನ್ನಡ ಫಾಂಟು ಉಚಿತ, ಪ್ರಿಂಟಿನಲ್ಲಿ ಚೆನ್ನಾಗಿ ಕೂರುತ್ತದೆ. ಮೊದಲ ಹಾಳೆಗೆ ಐದು ಗಂಟೆ ಹಿಡಿಯಿತು. ಪದಪಟ್ಟಿಯೂ ಅಚ್ಚೂ ಸಿದ್ಧವಾದ ಮೇಲೆ ಹಾಳೆಗೆ ಎರಡು ಗಂಟೆ.

ಲೆಕ್ಕ ಬದಲಿಸುವುದು ಹೇಗೆ ಎಂಬುದಕ್ಕೆ ಮೊದಲ ಪಾಠವನ್ನೇ ತೆಗೆದುಕೊಳ್ಳಿ. ಸ್ಟ್ರ್ಯಾಂಗ್ ಅಲ್ಲಿ ಎರಡು ಸಮೀಕರಣ ಬರೆಯುತ್ತಾರೆ: 2ಎಕ್ಸ್ − ವೈ = 0 ಮತ್ತು −ಎಕ್ಸ್ + 2ವೈ = 3. ಇದನ್ನು ಎರಡು ಬಗೆಯಲ್ಲಿ ನೋಡಬಹುದು. ಅಡ್ಡಸಾಲಿನಲ್ಲಿ ಓದಿದರೆ ಎರಡು ಗೆರೆಗಳು, ಅವು ಸೇರುವ ಬಿಂದು 1, 2. ಹೈಸ್ಕೂಲಿನಿಂದ ಗೊತ್ತಿರುವುದು ಇದು. ಕಂಬಸಾಲಿನಲ್ಲಿ ಓದಿದರೆ ಪ್ರಶ್ನೆಯೇ ಬೇರೆ: (2, −1) ಎಂಬ ವೆಕ್ಟರನ್ನು ಎಷ್ಟು ಸಲ, (−1, 2) ಎಂಬುದನ್ನು ಎಷ್ಟು ಸಲ ತೆಗೆದುಕೊಂಡು ಕೂಡಿದರೆ (0, 3) ಬರುತ್ತದೆ? ಮೊದಲನೆಯದು 1, ಎರಡನೆಯದು 2. ಉತ್ತರ ಅದೇ, ನೋಟ ಬೇರೆ. ಮುಂದಿನ ಇಡೀ ಕೋರ್ಸ್ ನಿಂತಿರುವುದು ಈ ಎರಡನೇ ನೋಟದ ಮೇಲೆ. ಇದು ಇಲ್ಲಿ ಕೂರದಿದ್ದರೆ ಕಾಲಂ ಸ್ಪೇಸ್ (ಕಂಬಸಾಲುಗಳನ್ನು ಬೆರೆಸಿ ಮುಟ್ಟಬಹುದಾದ ಎಲ್ಲ ವೆಕ್ಟರುಗಳ ಗುಂಪು) ಬಂದಾಗ ಎಲ್ಲ ಕೈಬಿಡುತ್ತಾರೆ.

ಬರೀ ಅಂಕೆಗಳಲ್ಲಿ ಅದು ಕೂರಲಿಲ್ಲ. ಆಗ ಹಾಳೆಗೆ ಸೇರಿಸಿದ್ದು ಹಿಂಡಿಯ ಲೆಕ್ಕ. ದಾವಣಗೆರೆ ಕಡೆಯ ಮೆಕ್ಕೆಜೋಳ, ಚಳ್ಳಕೆರೆ ಕಡೆಯ ಶೇಂಗಾ ಹಿಂಡಿ, ಎರಡನ್ನೂ ಬೆರೆಸಿ 100 ಕಿಲೊ ದನದ ಮೇವು ಮಾಡಬೇಕು. ಅದರಲ್ಲಿ 18 ಕಿಲೊ ಪ್ರೋಟೀನ್ ಇರಬೇಕು. ಮೆಕ್ಕೆಜೋಳದಲ್ಲಿ ಶೇಕಡ 9, ಹಿಂಡಿಯಲ್ಲಿ ಶೇಕಡ 45 ಪ್ರೋಟೀನ್ ಎಂದು ಲೆಕ್ಕಕ್ಕೆ ಹಿಡಿದೆವು. ಅಡ್ಡಸಾಲುಗಳು ಎರಡು: ಒಂದು ತೂಕದ ಷರತ್ತು, ಇನ್ನೊಂದು ಪ್ರೋಟೀನಿನ ಷರತ್ತು. ಕಂಬಸಾಲುಗಳೂ ಎರಡು: ಒಂದು ಮೆಕ್ಕೆಜೋಳ, ಇನ್ನೊಂದು ಹಿಂಡಿ. ಒಂದು ಕಿಲೊ ಮೆಕ್ಕೆಜೋಳ ಅಂದರೆ (1, 0.09). ಒಂದು ಕಿಲೊ ಹಿಂಡಿ ಅಂದರೆ (1, 0.45). ಬೇಕಾದ್ದು (100, 18). 75 ಕಿಲೊ ಮೆಕ್ಕೆಜೋಳದಿಂದ 6.75 ಕಿಲೊ ಪ್ರೋಟೀನ್, 25 ಕಿಲೊ ಹಿಂಡಿಯಿಂದ 11.25 ಕಿಲೊ, ಕೂಡಿದರೆ ಸರಿಯಾಗಿ 18. ಕಂಬಸಾಲು ಅಂದರೆ ಒಂದು ಚೀಲ, ಅಡ್ಡಸಾಲು ಅಂದರೆ ಒಂದು ಷರತ್ತು. ಇದನ್ನು ಹೇಳಿಕೊಡಬೇಕಾಗಲಿಲ್ಲ, ಮಕ್ಕಳೇ ಹೇಳಿದರು.

ಅದೇ ಲೆಕ್ಕದ ಎರಡನೇ ಭಾಗ ಇನ್ನೂ ಚೆನ್ನ. 100 ಕಿಲೊದಲ್ಲಿ 50 ಕಿಲೊ ಪ್ರೋಟೀನ್ ಬೇಕು ಅಂದರೆ? ಸಮೀಕರಣ ಬಿಡಿಸಿದರೆ ಹಿಂಡಿ ಸುಮಾರು 113.9, ಮೆಕ್ಕೆಜೋಳ −13.9 ಬರುತ್ತದೆ. ‘ಸಾರ್, ಮೈನಸ್ ಮೆಕ್ಕೆಜೋಳ ಅಂದ್ರೆ ಏನ್ ಸಾರ್?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ. ಆಗ ಗ್ರಾಫ್ ಹಾಳೆ ತೆಗೆಸಬೇಕು. ಎರಡು ವೆಕ್ಟರುಗಳ ನಡುವಿನ ಜಾಗದಲ್ಲಿ ಬಿದ್ದ ಬೇಡಿಕೆಯನ್ನು ಮಾತ್ರ ಬೆರೆಸಿ ಕೊಡಬಹುದು, ಆಚೆ ಬಿದ್ದದ್ದಕ್ಕೆ ಗಣಿತದಲ್ಲಿ ಉತ್ತರ ಇದ್ದರೂ ಗೋಡೌನಿನಲ್ಲಿ ಇಲ್ಲ. ಶೇಕಡ 45ಕ್ಕಿಂತ ಹೆಚ್ಚು, 9ಕ್ಕಿಂತ ಕಡಿಮೆ ಏಕೆ ಆಗದು ಎಂಬುದು ಚಿತ್ರದಲ್ಲೇ ಕಾಣುತ್ತದೆ. ಮೂರನೆಯದಾಗಿ, ಹಿಂಡಿಯ ಬದಲು ಶೇಕಡ 9 ಪ್ರೋಟೀನಿನ ಇನ್ನೊಂದು ಧಾನ್ಯ ಕೊಟ್ಟರೆ ಏನಾಗುತ್ತದೆ ಎಂದು ಕೇಳಿ. ಎರಡೂ ಕಂಬಸಾಲು ಒಂದೇ ದಿಕ್ಕಿಗೆ ಬಿದ್ದು, ಬೇಕಾದ ಕಡೆ ಹೋಗಲು ದಾರಿಯೇ ಇಲ್ಲ. ಲೀನಿಯರ್ ಡಿಪೆಂಡೆನ್ಸ್ ಎಂಬ ಪದವನ್ನು ಹೇಳುವ ಮೊದಲೇ ಅದರ ಅನುಭವ ಆಗಿರುತ್ತದೆ.

ಎಲ್ಲ ಲೆಕ್ಕಕ್ಕೂ ಹೀಗೆ ಊರಿನ ಅಂಗಿ ತೊಡಿಸಬೇಕಿಲ್ಲ. ನಲ್ ಸ್ಪೇಸ್ (ಮ್ಯಾಟ್ರಿಕ್ಸಿನಿಂದ ಗುಣಿಸಿದರೆ ಸೊನ್ನೆಯಾಗುವ ವೆಕ್ಟರುಗಳ ಗುಂಪು) ಪಾಠದ ಮ್ಯಾಟ್ರಿಕ್ಸನ್ನು ನಾವು ಮುಟ್ಟಲೇ ಇಲ್ಲ. ಅಡ್ಡಸಾಲುಗಳು 1, 2, 2, 2. ಆಮೇಲೆ 2, 4, 6, 8. ಆಮೇಲೆ 3, 6, 8, 10. ಎರಡನೇ ಕಂಬಸಾಲು ಮೊದಲನೆಯದರ ಎರಡರಷ್ಟು, ಮೂರನೇ ಅಡ್ಡಸಾಲು ಮೊದಲೆರಡರ ಮೊತ್ತ. ಪೆನ್ನು ಮುಟ್ಟುವ ಮೊದಲು ಎರಡು ನಿಮಿಷ ಸುಮ್ಮನೆ ನೋಡಿ ಎಂದು ಹೇಳಿ. ಕಂಡುಹಿಡಿದವರಿಗೆ ಒಂದರಿಂದೊಂದು ಹುಟ್ಟದ ಅಡ್ಡಸಾಲುಗಳ ಎಣಿಕೆ, ಅಂದರೆ ರ‍್ಯಾಂಕ್ 3 ಆಗಲಾರದು ಎಂಬುದು ಗೊತ್ತಾಗಿರುತ್ತದೆ. ಬಿಡಿಸಿದಾಗ ರ‍್ಯಾಂಕ್ 2, ಪಿವಟ್ (ಅಳಿಸಿದ ಮೇಲೆ ಅಡ್ಡಸಾಲಿನಲ್ಲಿ ಉಳಿಯುವ ಮೊದಲ ಸೊನ್ನೆಯಲ್ಲದ ಅಂಕಿ) ಇಲ್ಲದ ಕಂಬಸಾಲು 2, ಒಟ್ಟು 4. ಪರೀಕ್ಷೆಯ ರ‍್ಯಾಂಕ್-ನಲ್ಲಿಟಿ ಪ್ರಮೇಯವನ್ನು ಅದೇ ದಿನ ಸಾಧಿಸಿದೆವು. ಹಸಿ ಇರುವಾಗಲೇ ಗೋಡೆಗೆ ಗಾರೆ ಮೆತ್ತಿದ ಹಾಗೆ ಅದು ಕೂತಿತು.

ಉತ್ತರ ಹಾಳೆ ಎಲ್ಲರ ಕೈಗೂ ಸಿಗುತ್ತದೆ ಎಂಬುದು ಶಿಕ್ಷಕರ ದೊಡ್ಡ ಆತಂಕ. ನಮ್ಮ ಅನುಭವದಲ್ಲಿ ಉತ್ತರವನ್ನು ಬಚ್ಚಿಡುವುದು ವ್ಯರ್ಥ. ಹುಡುಕಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಉತ್ತರವನ್ನು ನಾವೇ ಹಂಚಿ, ಅಂಕಿ ಬದಲಿಸಿದ ಇನ್ನೊಂದು ಲೆಕ್ಕವನ್ನು ಮರುದಿನ ಬಿಡಿಸಲು ಕೊಟ್ಟೆವು. ಆದರೆ ಕೈಗೆ ಬಂದ ಅಂಕಿ ಹಾಕಿದರೆ 17/23ರಂಥ ಭಿನ್ನರಾಶಿಗಳು ಬಂದು, ತರಗತಿಯ ಸಮಯವೆಲ್ಲ ಭಾಗಾಕಾರಕ್ಕೇ ಹೋಗುತ್ತದೆ. ಲೆಕ್ಕವನ್ನು ಉತ್ತರದ ಕಡೆಯಿಂದ ಕಟ್ಟಬೇಕು. ಎಲ್ ಎಂಬ ಕೆಳತ್ರಿಕೋನದ ಮ್ಯಾಟ್ರಿಕ್ಸ್ ಬರೆಯಿರಿ, ಕರ್ಣದಲ್ಲಿ 1 ಇರಲಿ: ಅಡ್ಡಸಾಲುಗಳು 1, 0 ಮತ್ತು 3, 1. ಯು ಎಂಬ ಮೇಲ್ತ್ರಿಕೋನದ್ದು ಬರೆಯಿರಿ: 2, 1 ಮತ್ತು 0, 4. ಗುಣಿಸಿದರೆ 2, 1 ಮತ್ತು 6, 7. ಈ ಮ್ಯಾಟ್ರಿಕ್ಸ್ ಕೊಟ್ಟರೆ ಎಲಿಮಿನೇಷನ್‌ನಲ್ಲಿ ಗುಣಕ 3, ಪಿವಟ್‌ಗಳು 2 ಮತ್ತು 4, ಎಲ್ಲೂ ಭಿನ್ನರಾಶಿ ಇಲ್ಲ. ಬಲಗಡೆಯ ವೆಕ್ಟರನ್ನೂ ಹಾಗೇ, ಬೇಕಾದ ಉತ್ತರವನ್ನು ಗುಣಿಸಿ ಪಡೆಯಿರಿ. ಮೂರಕ್ಕೆ ಮೂರರ ಮ್ಯಾಟ್ರಿಕ್ಸಿಗೂ ಇದೇ ದಾರಿ. ನಾಲ್ಕು ಗುಂಪಿಗೆ ನಾಲ್ಕು ಬೇರೆ ಲೆಕ್ಕ ಹತ್ತು ನಿಮಿಷದಲ್ಲಿ ತಯಾರಾಗುತ್ತವೆ. ಪ್ರತಿ ಉತ್ತರದ ಕೆಳಗೆ ‘ಏಕೆ’ ಎಂದು ಒಂದು ವಾಕ್ಯ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಬರೆಯಲೇಬೇಕು ಎಂದು ಹಾಕಿದ ನಿಯಮದಿಂದ ನಕಲು ಬಹಳ ಕಡಿಮೆಯಾಯಿತು.

ತರಗತಿಯ ಒಂದು ಗಂಟೆ ಹೀಗೆ ಹಂಚಿಹೋಯಿತು: 10 ನಿಮಿಷ ಹಿಂದಿನ ಲೆಕ್ಕ, 15 ನಿಮಿಷ ನಮ್ಮದೇ ವಿವರಣೆ ಕನ್ನಡದಲ್ಲಿ, 30 ನಿಮಿಷ ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಹಾಳೆ, ಉಳಿದ 5 ನಿಮಿಷ ಎಲ್ಲಿ ಸಿಕ್ಕಿಬಿದ್ದರು ಎಂಬುದರ ಟಿಪ್ಪಣಿ. ವಿಡಿಯೊ ತರಗತಿಯಿಂದ ಮನೆಗೆ ಹೋಯಿತು. ಲೆಕ್ಕದಲ್ಲಿ ಸಿಕ್ಕಿಬಿದ್ದ ಮೇಲೆ ಅದೇ ವಿಡಿಯೊ ನೋಡಿದವರು ಬೇರೆಯೇ ಪ್ರಶ್ನೆ ಹಿಡಿದು ಬರುತ್ತಾರೆ. ಉಪನ್ಯಾಸವನ್ನು ಇಂಗ್ಲಿಷ್ ಅಕ್ಷರಗಳನ್ನು ಕೆಳಗೆ ಹಾಕಿಕೊಂಡು, ವೇಗ ಮುಕ್ಕಾಲಿಗೆ ಇಳಿಸಿ ನೋಡಲು ಹೇಳಿದೆವು.

ಇಂಟರ್ನೆಟ್ ಇಲ್ಲದ ಕಡೆ ಹಂಚುವುದಕ್ಕೆ ಒಂದು ಹಳೆಯ ವೈಫೈ ರೂಟರ್ ಮತ್ತು ಒಂದು ಲ್ಯಾಪ್‌ಟಾಪ್ ಸಾಕು. ಪೈಥಾನ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಅದರ ಜೊತೆಗೇ ಬರುವ ಚಿಕ್ಕ ವೆಬ್ ಸರ್ವರನ್ನು ಕೋರ್ಸ್ ಫೋಲ್ಡರಿನ ಒಳಗಿನಿಂದ ಓಡಿಸಿದರೆ, ರೂಟರಿಗೆ ಸೇರಿದ ಎಲ್ಲ ಮೊಬೈಲುಗಳಲ್ಲೂ ಪುಟಗಳು ತೆರೆಯುತ್ತವೆ. ಮೊದಲ ದಿನ ಅರ್ಧ ಜನಕ್ಕೆ ತೆರೆಯಲಿಲ್ಲ. ಕಾರಣಗಳು ಮೂರು. ವಿಂಡೋಸ್‌ನ ಫೈರ್‌ವಾಲ್ ಪೈಥಾನನ್ನು ತಡೆದಿತ್ತು, ಅನುಮತಿ ಕೊಡಬೇಕು. ರೂಟರಿನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಬೇರ್ಪಡಿಸುವ ಆಯ್ಕೆ ಹಾಕಿತ್ತು, ತೆಗೆಯಬೇಕು. ಮೂರನೆಯದು ತಲೆಕೆಡಿಸುವಂಥದ್ದು: ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಮೊಬೈಲು ತಾನಾಗಿ ಸಿಮ್ ಡೇಟಾಗೆ ಹಾರುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿಸಿದ ಮೇಲೆ ಸರಿಹೋಯಿತು. ಈ ಸರ್ವರಿನಲ್ಲಿ ವಿಡಿಯೊವನ್ನು ಮುಂದಕ್ಕೆ ಹಿಂದಕ್ಕೆ ಎಳೆಯಲು ಆಗುವುದಿಲ್ಲ, ಕಡತದ ನಡುವಿನ ತುಂಡನ್ನು ಮಾತ್ರ ಕಳಿಸುವುದು ಅದಕ್ಕೆ ಬರುವುದಿಲ್ಲ. ಆದ್ದರಿಂದ ಪಿಡಿಎಫ್‌ಗಳನ್ನು ವೈಫೈಯಲ್ಲಿ, ವಿಡಿಯೊಗಳನ್ನು ಪೆನ್‌ಡ್ರೈವ್ ಮತ್ತು ಒಟಿಜಿಯಲ್ಲಿ (ಪೆನ್‌ಡ್ರೈವನ್ನು ಮೊಬೈಲಿಗೆ ಸಿಕ್ಕಿಸುವ ಕೊಂಡಿ) ಕೊಟ್ಟೆವು.

ಸರ್ಟಿಫಿಕೇಟ್ ಬೇಕು ಎನ್ನುವವರಿಗೆ ಎನ್‌ಪಿಟಿಇಎಲ್ ದಾರಿ. ಏಳು ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ ಯೋಜನೆ ಅದು. 4, 8, 12 ವಾರಗಳ ಕೋರ್ಸುಗಳು ಅಲ್ಲಿವೆ. ಕೆಲವು ಕೋರ್ಸುಗಳ ಉಪನ್ಯಾಸ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಸೇರುವುದು ಉಚಿತ, ಪರೀಕ್ಷೆಗೆ ಶುಲ್ಕ ಉಂಟು. 12 ವಾರದ ಕೋರ್ಸಿನಲ್ಲಿ ಅಸೈನ್‌ಮೆಂಟುಗಳ ಪೈಕಿ ಒಳ್ಳೆಯ 8ರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಎರಡೂ ಬರಬೇಕು. ಒಂದರಲ್ಲಿ ಹೆಚ್ಚು ಬಂದು ಇನ್ನೊಂದರಲ್ಲಿ ಬಿದ್ದರೆ ಸರ್ಟಿಫಿಕೇಟ್ ಇಲ್ಲ. ಮಕ್ಕಳು ಪದೇ ಪದೇ ಎಡವುವುದು ಒಂದೇ ಕಡೆ: ಕೋರ್ಸಿಗೆ ಸೇರಿದ್ದೇ ಪರೀಕ್ಷೆಗೂ ಸೇರಿದ ಹಾಗೆ ಎಂದುಕೊಂಡು ಪರೀಕ್ಷೆಯ ನೋಂದಣಿ ದಿನ ಬಿಟ್ಟುಬಿಡುತ್ತಾರೆ. ಎರಡೂ ಬೇರೆ ಬೇರೆ. ಆ ದಿನಾಂಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿಬಿಡಿ. ಇನ್ನು ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿಯ ಕ್ಯಾಂಪಸ್ ಇದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಜಿಲ್ಲೆಯಲ್ಲೇ ಇರುವ ಈ ಅನುಕೂಲ ಬಿಡಬಾರದು.

ತಯಾರಾದ ಹಾಳೆಗಳನ್ನು ಹಂಚುವಾಗ ಪಿಡಿಎಫ್ ಒಂದನ್ನೇ ಕೊಡಬೇಡಿ, ತಿದ್ದಬಹುದಾದ ಮೂಲ ಕಡತವನ್ನೂ ಕೊಡಿ. ಹರಿಹರದಲ್ಲೋ ಹಿರಿಯೂರಿನಲ್ಲೋ ಇನ್ನೊಬ್ಬ ಮೇಡಂ ಮೇವಿನ ಲೆಕ್ಕ ತೆಗೆದು ಅಡಿಕೆಯ ಲೆಕ್ಕ ಹಾಕಬೇಕು ಅಂದರೆ ಪಿಡಿಎಫ್‌ನಿಂದ ಆಗುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ಗೆ ಏರಿಸಲು ಹೋದೆವು, ಎನ್‌ಸಿ ಪರವಾನಗಿಯ ಸಾಮಗ್ರಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಇಂಟರ್ನೆಟ್ ಆರ್ಕೈವ್‌ಗೆ ಆ ತಕರಾರು ಇಲ್ಲ. ಕಡತದ ಹೆಸರಿನಲ್ಲಿ ಪಾಠದ ಸಂಖ್ಯೆ ಮತ್ತು ತಾರೀಖು, ಹಾಳೆಯ ಮೇಲ್ಮೂಲೆಯಲ್ಲಿ ಆವೃತ್ತಿ ಸಂಖ್ಯೆ ಇರಲಿ. ನಾಲ್ಕನೇ ಹಾಳೆಯ ಉತ್ತರದಲ್ಲಿ ಒಂದು ಚಿಹ್ನೆ ತಪ್ಪಿದ್ದನ್ನು ಮಕ್ಕಳೇ ಹಿಡಿದರು. ತಿದ್ದಿದ್ದು ಆವೃತ್ತಿ 3. ಜೆರಾಕ್ಸ್ ಅಂಗಡಿಯಲ್ಲಿ ಉಳಿದಿದ್ದ ಆವೃತ್ತಿ 2ರ ಮಾಸ್ಟರ್ ಪ್ರತಿಯನ್ನು ಕೇಳಿ ತಂದು ಹರಿದು ಹಾಕಿದ ಮೇಲೆಯೇ ಹಳೆಯ ಹಾಳೆ ತರಗತಿಯಲ್ಲಿ ಕಾಣಿಸಿಕೊಳ್ಳುವುದು ನಿಂತಿತು.